ಹದಿನೆಂಟು ಡಿಗ್ರಿಯ ಹುಳುಗಳು

ಒಂದು ಸೂಜಿಯಿಂದ ಹುಳದ ತಲೆಯನ್ನು ಒತ್ತಿ ಹಿಡಿದು, ಇನ್ನೊಂದರಿಂದ ಅದರ ಮೈಯನ್ನು ಹಿಂದಕ್ಕೆ ಎಳೆದಳು ಪ್ರಾಣಿಶಾಸ್ತ್ರದ ಅಧ್ಯಾಪಕಿ ಡಾಕ್ಟರ್ ಕಾಂಚನಾ. ಅಕ್ಕಿಕಾಳಿಗಿಂತ ಸಣ್ಣ, ಹಣ್ಣುನೊಣದ ಮರಿಹುಳ. ತಲೆ ಬೇರೆಯಾಗುತ್ತಲೇ ಅದರ ಹಿಂದೆ ಗಾಜಿನಂಥ ಎರಡು ಎಳೆಗಳು ಜಾರಿ ಬಂದವು.

"ಸಿಕ್ಕವು. ಜೊಲ್ಲಿನ ಗ್ರಂಥಿ. ಈಗ ಉಸಿರು ಬಿಡಬ್ಯಾಡ್ರಿ ಇನ್ಸ್‌ಪೆಕ್ಟರ್ರ, ಹಾರಿ ಹೋದಾವು."

ಇನ್ಸ್‌ಪೆಕ್ಟರ್ ನಯಾಜ ನಿಜವಾಗಿಯೂ ಉಸಿರು ಬಿಗಿ ಹಿಡಿದ.

ಹನ್ನೊಂದು ದಿನದ ಹಿಂದೆ, ಏಪ್ರಿಲ್ ಎಂಟರಂದು, ಬೆಟಗೇರಿಯ ಇದೇ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿಗೆ ಬೆಂಕಿ ಬಿದ್ದು ಅಟೆಂಡರ್ ವೀರು ಸತ್ತಿದ್ದ. ಅಲ್ಲಿ ಸಂಶೋಧನೆ ಮಾಡುತ್ತಿದ್ದ ನೂರೀನ ಅಂದಿನಿಂದಲೇ ಕಾಣೆಯಾಗಿದ್ದಳು. ಬೆಂಕಿ ಹಚ್ಚಿ ಓಡಿಹೋದವಳು ಅವಳೇ ಎಂದು ಊರೇ ಹೇಳುತ್ತಿತ್ತು. ಪೊಲೀಸರ ಕಡತವೂ ಅದನ್ನೇ ಹೇಳುತ್ತಿತ್ತು.

ಇವತ್ತು ಮುಂಜಾನೆ ಏಳೂವರೆಗೆ ಶಿರಹಟ್ಟಿ ಬಸ್ ನಿಲ್ದಾಣದ ಬೆಂಚಿನ ಕೆಳಗೆ ಅವಳ ಬ್ಯಾಗು ಸಿಕ್ಕಿತ್ತು. ಒಳಗೆ ಎರಡು ಜೊತೆ ಬಟ್ಟೆ, ಒಂದು ಚೀಟಿ. 'ಅಬ್ಬಾ, ನಾನು ನನ್ನ ಖುಷಿಯಿಂದ ಮುಂಬಯಿಗೆ ಹೊಂಟೇನಿ. ಹುಡುಕಬ್ಯಾಡ್ರಿ.' ಪಕ್ಕದ ಕಿಸೆಯಲ್ಲಿ, ಕರವಸ್ತ್ರದಲ್ಲಿ ಸುತ್ತಿದ್ದ ಒಂದು ಗಾಜಿನ ಬಾಟಲಿ. ಬಾಯಿಗೆ ಅರಳೆ, ತಳದಲ್ಲಿ ರವೆ-ಬೆಲ್ಲದ ಗಂಜಿ, ಗಂಜಿಯ ತುಂಬ ಮಿಜಿಗುಡುವ ಹುಳ. ಗಾಜಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ತಾರೀಖು: ೯-೪-೯೯.

ಬೆಂಕಿಯ ಮರುದಿನ.

ಕಾಂಚನಾ ಗ್ರಂಥಿಯ ಮೇಲೆ ಒಂದು ಹನಿ ಕಡುಗೆಂಪು ಬಣ್ಣ ಬಿಟ್ಟಳು. ಸ್ವಲ್ಪ ಹೊತ್ತು ಕಾದು, ತೆಳು ಗಾಜು ಮುಚ್ಚಿ, ಹೆಬ್ಬೆರಳಿನಿಂದ ಒತ್ತಿದಳು. ಸುಟ್ಟ ಲ್ಯಾಬಿನ ವಾಸನೆ ವರಾಂಡ ದಾಟಿ ಈ ಸಸ್ಯಶಾಸ್ತ್ರದ ಕೋಣೆಗೂ ಬರುತ್ತಿತ್ತು. ಉಳಿದಿದ್ದ ಒಂದೇ ಒಳ್ಳೆಯ ಸೂಕ್ಷ್ಮದರ್ಶಕ ಇಲ್ಲಿತ್ತು.

ಗೋಡೆಗೆ ಒರಗಿ ನಿಂತಿದ್ದ ಮಹಿಳಾ ಕಾನ್‌ಸ್ಟೇಬಲ್ ಮುತ್ತವ್ವ ಗೊಣಗಿದಳು. "ಸಾಹೇಬ್ರ, ನೊಣದ ಹುಳ ಸಾಕ್ಷಿ ಹೇಳತೈತಿ ಅಂತ ಕೋರ್ಟಿನ್ಯಾಗ ಹ್ಯಾಂಗ ಬರಿಯೂದ್ರಿ?"

"ಮೊದಲ ಅದು ಏನ್ ಹೇಳತೈತಿ ಕೇಳೂಣು."

ಕೋಣೆಯಲ್ಲಿ ಇನ್ನೊಬ್ಬರಿದ್ದರು. ನೂರೀನಳ ಅಪ್ಪ ಫಕ್ರುಸಾಬ. ಲಕ್ಷ್ಮೇಶ್ವರದ ಬಜಾರಿನಲ್ಲಿ ಬಾಳೆಹಣ್ಣು ಮಾರುವ ಮುದುಕ. ಚೀಟಿಯ ಅಕ್ಷರ ಗುರುತಿಸಲೆಂದು ಅವನನ್ನು ಕರೆಸಿದ್ದರು. ಅವನು ಚೀಟಿಗಿಂತ ಹೆಚ್ಚು ಹೊತ್ತು ಆ ಬಾಟಲಿಯನ್ನೇ ನೋಡಿದ್ದ.

"ಅಕ್ಷರ ಅಕಿವ ಸಾಹೇಬ್ರ," ಅಂದಿದ್ದ. "ಮಾತು ಅಕಿದಲ್ಲ. ಮೊದಲನೇ ನೊಣ ನನ್ನ ಅಂಗಡ್ಯಾಗಿನ ಕೊಳತ ಹಣ್ಣಿನ ಮ್ಯಾಲಿಂದ ಹಿಡಕೊಂಡು ಹೋದಾಕಿ. ಯಾವನ ಜೋಡಿನೋ ಓಡಿ ಹೋಗಾಕಿ ನೊಣ ಕಟಗೊಂಡು ಹೋಗತಾಳೇನ್ರಿ?"

"ಬರ್ರಿ, ನೋಡ್ರಿ," ಅಂದಳು ಕಾಂಚನಾ.

ನಯಾಜ ಕಣ್ಣಿಟ್ಟ. ಕೆಂಪು ಬೆಳಕಿನಲ್ಲಿ ಹಗ್ಗದ ತುಂಡುಗಳಂಥವು ಚೆಲ್ಲಾಡಿದ್ದವು. ಒಂದೊಂದರ ಮೇಲೂ ಇಳಕಲ್ ಸೀರೆಯ ದಡಿಯಂತೆ ಅಡ್ಡಪಟ್ಟಿ. ಕಪ್ಪು, ತಿಳಿ, ಕಪ್ಪು, ತಿಳಿ.

"ವರ್ಣತಂತು," ಕಾಂಚನಾ ಹೇಳಿದಳು. "ಎಲ್ಲಾ ಜೀವಿಯೊಳಗೂ ಇರತಾವ, ಆದ್ರ ಇಷ್ಟ ದೊಡ್ಡು ಇರೂದಿಲ್ಲ. ಈ ಹುಳದ ಜೊಲ್ಲಿನ ಗ್ರಂಥಿಯೊಳಗ ಸಾವಿರ ಎಳಿ ಕೂಡಿ ಒಂದ ಹಗ್ಗ ಆಗಿರತೈತಿ. ನೂರೀನಳ ಕೆಲಸ ಏನಿತ್ತು ಗೊತ್ತೇನ್ರಿ? ಹುಳ ಬೆಳೆಯೋ ಜಾಗಾ ತಂಪಿದ್ರ ಹಗ್ಗ ಎಷ್ಟು ದಪ್ಪ ಆಗತೈತಿ, ಬಿಸಿ ಇದ್ರ ಎಷ್ಟು ಸಣ್ಣ ಆಗತೈತಿ, ಅದನ್ನ ಅಳಿಯೂದು."

ಅವಳು ಇನ್ನೆರಡು ಸ್ಲೈಡು ತೆಗೆದಳು. ನೂರೀನ ಹೋದ ತಿಂಗಳು ಮಾಡಿದ್ದವು. ಒಂದು ಇಪ್ಪತ್ತೆಂಟು ಡಿಗ್ರಿಯಲ್ಲಿ ಬೆಳೆದ ಹುಳದ್ದು, ಇನ್ನೊಂದು ಹದಿನೆಂಟರದ್ದು. ಕನ್ನಡಕದ ಗಾಜಿನಂಥ ಕಣ್ಣುಮಸೂರದೊಳಗೆ ಸಣ್ಣ ಅಳತೆಪಟ್ಟಿ ಇತ್ತು.

"ನೀವ ಎಣಸ್ರಿ. ನಾ ಹೇಳೂದಿಲ್ಲ."

ನಯಾಜ ಎಣಿಸಿದ. ಇಪ್ಪತ್ತೆಂಟರ ಹಗ್ಗದ ದಪ್ಪ ನಾಲ್ಕು ಗೆರೆ. ಹದಿನೆಂಟರದ್ದು ಐದೂವರೆ. ಬಾಟಲಿಯಿಂದ ಬಂದದ್ದು?

ಮೂರು ಸಲ ಎಣಿಸಿದ. "ಐದೂವರಿ."

"ಅಂದ್ರ ಈ ಹುಳ ತತ್ತಿ ಒಡದಾಗಿಂದ ಹದಿನೆಂಟು ಡಿಗ್ರಿ ತಂಪಿನ್ಯಾಗ ಇದ್ದಾವ. ಇನ್ನೂ ಒಂದು. ಗದಗಿನ ಬಿಸಲಾಗ ಇದ್ದಿದ್ರ ಹತ್ತು ದಿನದಾಗ ಒಂದೋ ಸಾಯತಿದ್ವು, ಇಲ್ಲಾ ರೆಕ್ಕಿ ಮೂಡಿ ನೊಣ ಆಗತಿದ್ವು. ಇವು ಇನ್ನೂ ಹುಳನ ಅದಾವ. ತಂಪಿನ್ಯಾಗ ಎಲ್ಲಾ ನಿಧಾನ."

"ನಿಮ್ಮ ಲ್ಯಾಬಿನ ತಂಪು ಪೆಟಿಗಿ?"

"ಬೆಂಕ್ಯಾಗ ಸುಟ್ಟು ಹೋತು. ಈ ಕಾಲೇಜಿನ್ಯಾಗ ಈಗ ಹದಿನೆಂಟು ಡಿಗ್ರಿ ಅನ್ನೂದು ಎಲ್ಲೂ ಇಲ್ಲ." ಕಾಂಚನಾ ಸ್ಲೈಡನ್ನು ಒಂದಿಷ್ಟು ಸರಿಸಿದಳು. "ಈ ಹಗ್ಗದ ಮ್ಯಾಲೆ ನೋಡ್ರಿ, ಅಲ್ಲಲ್ಲಿ ಉಬ್ಬೇತಿ. ಗಂಟಲ ಬಾವು ಬಂದಂಗ."

"ಹೌದು."

"ಬಿಸಿ ತಾಗಿದ ಕೂಡ್ಲೆ ಹಿಂಗ ಉಬ್ಬತಾವ. ಐದು ನಿಮಿಷ ಸಾಕು. ತಾಸು ಎರಡು ತಾಸು ಆದ್ರ ಇಳಕೋತ ಬರತಾವ. ಇವು ಇನ್ನೂ ಪೂರಾ ಉಬ್ಬಿ ಅದಾವ. ಈಗ ಒಂಬತ್ತು ಆಗೇತಿ, ಅಂದ್ರ ತಂಪು ಬಿಟ್ಟು ಹೊರಗ ಬಂದದ್ದು ಇವತ್ತ ಮುಂಜಾನಿ. ಆರೂವರಿ, ಏಳಕ್ಕಿಂತ ಮೊದಲ ಅಲ್ಲ."

ನಯಾಜ ಸೂಕ್ಷ್ಮದರ್ಶಕದಿಂದ ತಲೆ ಎತ್ತಿದ. ಹೊಸ ಜಿಲ್ಲೆಯ ನಕ್ಷೆ ಅವನ ತಲೆಯೊಳಗೇ ಇತ್ತು. ಏಳೂವರೆಗೆ ಶಿರಹಟ್ಟಿಯಲ್ಲಿ ಸಿಕ್ಕ ಬ್ಯಾಗು ಏಳರ ಸುಮಾರಿಗೆ ಒಂದು ತಂಪಾದ ಜಾಗದಲ್ಲಿತ್ತು. ಹಾಗಾದರೆ ಆ ಜಾಗ ಶಿರಹಟ್ಟಿಯ ಆಸುಪಾಸಿನಲ್ಲೇ ಇರಬೇಕು. ಮುಂಬಯಿ ಅಂತೂ ಅಲ್ಲ.

"ನನ್ನ ಮಗಳು ಜೀವಂತ ಅದಾಳೇನ್ರಿ ಮೇಡಂ?" ಫಕ್ರುಸಾಬ ಎದ್ದು ನಿಂತಿದ್ದ.

ಕಾಂಚನಾ ಅವನ ಕೈ ಹಿಡಿದು ಕೂರಿಸಿದಳು. "ಹುಳಕ್ಕ ಗಂಜಿ ಹಾಕಿ ಅರಳಿ ಬದಲಿ ಮಾಡ್ಯಾರ, ಚಾಚಾ. ಯಾರೋ ಜ್ವಾಕಿ ಮಾಡ್ಯಾರ. ಆ ಕೆಲಸ ಅಕೀನ ಮಾಡಿರಬೇಕು."

ಮುದುಕ ಬಾಯಿಗೆ ಕೈ ಅಡ್ಡ ಹಿಡಿದು ಅತ್ತ.

ನಯಾಜ ಕಡತದಿಂದ ಒಂದು ಹಾಳೆ ತೆಗೆದ. ನೂರೀನಳ ಪುಸ್ತಕದೊಳಗೆ ಸಿಕ್ಕಿದ್ದ ಝೆರಾಕ್ಸ್. ಯಾವುದೋ ಪ್ರಬಂಧದ ನಡುವಿನ ಪುಟ. ವರ್ಣತಂತುವಿನ ಎರಡು ಫೋಟೋ. ಮೊದಲನೆಯದು ಸಣ್ಣದು, ಇಪ್ಪತ್ತೆಂಟು ಡಿಗ್ರಿ. ಎರಡನೆಯದು ದೊಡ್ಡದು, ಹದಿನೆಂಟು. ಎರಡರಲ್ಲೂ ಒಂದೇ ಜಾಗದಲ್ಲಿ, ಒಂದೇ ಆಕಾರದ ಸಣ್ಣ ಹರಕು. ನೂರೀನ ಎರಡಕ್ಕೂ ಪೆನ್ಸಿಲ್ಲಿನಿಂದ ಸುತ್ತು ಹಾಕಿದ್ದಳು.

"ಇದೂ ಒಮ್ಮೆ ಹೇಳಿಬಿಡ್ರಿ ಮೇಡಂ."

ಕಾಂಚನಾ ಹಾಳೆ ಇಸಿದುಕೊಂಡು ಬಹಳ ಹೊತ್ತು ನೋಡಿದಳು. "ಒಂದ ಫೋಟೋ. ಎರಡನೇದು ದೊಡ್ಡದು ಮಾಡಿ ಹಾಕ್ಯಾರ. ತಂಪಿನ ಪ್ರಯೋಗ ಮಾಡೇ ಇಲ್ಲ."

"ಯಾರ ಪ್ರಬಂಧ?"

"ವಿರೂಪಾಕ್ಷಪ್ಪ ಸರ್‌ದು," ಅಂದಳು, ಹಾಳೆ ಮಡಿಸುತ್ತ. "ನಮ್ಮ ವಿಭಾಗದ ಮುಖ್ಯಸ್ಥರು. ನನಗ ಕಲಿಸಿದ ಗುರುಗಳು. ಇದನ್ನ ಹೇಳಾಕ ನನಗ ಎಷ್ಟು ಸಂಕಟ ಆಗತೈತಿ ನಿಮಗ ಗೊತ್ತಿಲ್ಲ."

* * *

ವಿರೂಪಾಕ್ಷಪ್ಪನವರ ಮನೆ ಬೆಟಗೇರಿಯ ನೇಕಾರರ ಓಣಿಯಲ್ಲಿತ್ತು. ಎರಡೂ ಬದಿಯ ಮಗ್ಗಗಳು ಖಟಖಟ ಹೊಡೆದುಕೊಳ್ಳುತ್ತಿದ್ದವು. ಜೀಪನ್ನು ಓಣಿಯ ಬಾಯಲ್ಲಿ ನಿಲ್ಲಿಸಿ ನಯಾಜ ಇಳಿದ. ಅದರ ಬಾಗಿಲ ಮೇಲೆ 'ಧಾರವಾಡ' ಅಳಿಸಿ 'ಗದಗ' ಎಂದು ಬರೆದ ಬಣ್ಣ ಇನ್ನೂ ಹೊಸದಾಗಿತ್ತು. ಹಿಂದೆಯೇ ಕಾಂಚನಾಳ ಬಿಳಿ ಮಾರುತಿ ಕಾರು. ಫಕ್ರುಸಾಬನನ್ನು ಅವಳೇ ತನ್ನ ಕಾರಿನಲ್ಲಿ ಕೂರಿಸಿಕೊಂಡಿದ್ದಳು. ಇನ್ನೂ ಹುಳ ಸಿಕ್ಕರೆ ಅಲ್ಲೇ ನೋಡಬೇಕಾದೀತು, ನಾನೂ ಬರುತ್ತೇನೆ ಎಂದು ಹೊರಟವಳನ್ನು ನಯಾಜ ಬೇಡವೆಂದಿರಲಿಲ್ಲ.

"ನೀವಿಬ್ರೂ ಇಲ್ಲೇ ಇರ್ರಿ," ಎಂದು ಹೇಳಿ, ಮುತ್ತವ್ವನನ್ನು ಕರೆದುಕೊಂಡು ಒಳಗೆ ಹೋದ.

ಐವತ್ತೆಂಟರ ವಿರೂಪಾಕ್ಷಪ್ಪ ಪಡಸಾಲೆಯಲ್ಲಿ ಕುಳಿತಿದ್ದರು. ಹಣೆಯ ತುಂಬ ವಿಭೂತಿ, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಮೇಜಿನ ಮೇಲೆ ಅವರ ಸ್ವಂತ ಹಳೆಯ ಸೂಕ್ಷ್ಮದರ್ಶಕ.

"ಕುಂಡ್ರಿ ಸಾಹೇಬ್ರ. ಏನಾರ ಖಬರ?"

ನಯಾಜ ಕೂರಲಿಲ್ಲ. ಕಿಸೆಯಿಂದ ಸ್ಲೈಡ್ ತೆಗೆದು ಮೇಜಿನ ಮೇಲಿಟ್ಟ. "ಸರ್, ನಿಮ್ಮಷ್ಟು ತಿಳಿದವರು ಈ ಜಿಲ್ಲಾದಾಗ ಇಲ್ಲ. ಇದನ್ನ ನೋಡಿ, ಹುಳ ಎಷ್ಟು ಬಿಸಿಯೊಳಗ ಬೆಳದೇತಿ ಹೇಳ್ರಿ. ಅಷ್ಟ."

ಮುದುಕರು ಕನ್ನಡಕ ತೆಗೆದು ಕಣ್ಣಿಟ್ಟರು. ತಿರುಪು ತಿರುಗಿಸಿದ ಬೆರಳು ಒಂದು ಕ್ಷಣ ನಿಂತಿತು. ಮತ್ತೆ ತಿರುಗಿತು.

"ಇಪ್ಪತ್ತೆಂಟು," ಅಂದರು. "ಮೂವತ್ತೂ ಇರಬಹುದು. ಸಾದಾ ಕೋಣೆಯೊಳಗ ಬೆಳದ ಹುಳ."

"ಇನ್ನೊಮ್ಮೆ ನೋಡ್ರಿ."

"ನೋಡೇನಿ."

"ದಪ್ಪ ಎಷ್ಟು ಗೆರಿ ಐತಿ?"

ವಿರೂಪಾಕ್ಷಪ್ಪ ಕನ್ನಡಕ ಒರೆಸತೊಡಗಿದರು.

"ಐದೂವರಿ, ಸರ್. ನಾನ ಎಣಿಸೇನಿ. ನಾ ಬಿ.ಎ. ಇತಿಹಾಸ ಓದಿದಾವ. ನನಗ ಕಂಡದ್ದು ಮೂವತ್ತು ವರ್ಷ ಅದನ್ನ ನೋಡಿದ ನಿಮಗ ಯಾಕ ಕಾಣವಲ್ದು?"

"ವಯಸ್ಸಾತು. ಕಣ್ಣು ಮಂಜು."

"ಕಣ್ಣಲ್ಲ. ನೀವು ಖೊಟ್ಟಿ ಹೇಳಾಕತ್ತೀರಿ."

ಅವರ ಮುಖ ಕೆಂಪಾಯಿತು. ಆದರೆ ಸಿಟ್ಟಿನ ಮಾತು ಬರಲಿಲ್ಲ. ಕೇಳಿದ್ದು ಬೇರೆಯೇ. "ಈ ಸ್ಲೈಡ್ ಮಾಡಿದ್ದು ಯಾರು?"

"ಕಾಂಚನಾ ಮೇಡಂ."

ವಿರೂಪಾಕ್ಷಪ್ಪನವರ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. "ಅಕಿ ಏನ್ ಹೇಳಿದ್ಲು?"

"ಹದಿನೆಂಟು."

"ಹೌದೇನು," ಅಂದರು ಮೆಲ್ಲಗೆ. "ಅದನ್ನ ಓದೂದು ಅಕಿಗೆ ಕಲಿಸಿದಾವ ನಾನ."

ನಯಾಜ ಝೆರಾಕ್ಸ್ ಹಾಳೆಯನ್ನು ಅವರ ಮುಂದೆ ಹರವಿದ. "ಇದು ನಿಮ್ಮ ಪ್ರಬಂಧ. ಅಲ್ಲಂತೀರೇನು?"

"ನನ್ನ ಹೆಸರು ಐತಿ. ಖರೆ."

"ಒಂದ ಫೋಟೋ ಹಿಗ್ಗಿಸಿ ಎರಡು ಅಂತ ತೋರಿಸೀರಿ. ನೂರೀನ ಅದನ್ನ ಕಂಡು ಹಿಡದ್ಲು. ಅಕಿ ಬಾಯಿ ಬಿಟ್ರ ನಿಮ್ಮ ಮಾನ ಹೋಗತಿತ್ತು. ಎಂಟನೇ ತಾರೀಖು ಕಿಡಿ ತಾಗಿದ್ರ ಉರಿಯೋ ಈಥರ್ ಬಾಟ್ಲಿ ಒಡದು ಲ್ಯಾಬಿಗೆ ಬೆಂಕಿ ಬಿತ್ತು. ಅಕಿ ನೋಟ್‌ಬುಕ್ ಸುಟ್ಟವು. ವೀರು ಸತ್ತ. ಅಕಿ ಕಾಣೆ ಆದ್ಲು. ಇಷ್ಟೂ ನಿಮಗ ಒಳ್ಳೇದ ಆತು."

"ನೋಡದ ಸಹಿ ಮಾಡಿದ್ದು ನನ್ನ ತಪ್ಪು," ಅಂದರು ವಿರೂಪಾಕ್ಷಪ್ಪ. "ಅದೊಂದು ತಪ್ಪು ನಾ ಮಾಡೇನಿ. ಅದಕ್ಕ ವೀರು ಸತ್ತ. ಅಂವ ನನ್ನ ಲ್ಯಾಬಿನ್ಯಾಗ ಇಪ್ಪತ್ತು ವರ್ಷ ನೊಣಕ್ಕ ಗಂಜಿ ಕಾಸಿ ಹಾಕ್ಯಾನ. ಅವನ ಹೆಂಡ್ತಿಗೆ ಮುಖ ತೋರಸಾಕ ನನಗ ಆಗವಲ್ದು."

"ಹುಡುಗಿ ಎಲ್ಲಿ?"

"ಗೊತ್ತಿಲ್ಲ."

"ಸರ್, ನಾ ನಿಮ್ಮನ್ನ ಈಗಿಂದೀಗ ಸ್ಟೇಷನ್ನಿಗೆ ಕರಕೊಂಡು ಹೋಗಬಹುದು."

"ಹೋಗ್ರಿ. ನಡೀರಿ, ನಾ ತಯಾರ ಅದೇನಿ." ಅವರು ಎದ್ದೇಬಿಟ್ಟರು. ಆ ಆತುರ ನಯಾಜನಿಗೆ ವಿಚಿತ್ರವೆನಿಸಿತು. ಹೊತ್ತು ಕಳೆಯಲಿ ಎಂದು ಬಯಸುವವನ ಆತುರ ಅದು.

ಅಷ್ಟರಲ್ಲಿ ಮುತ್ತವ್ವ ಗೋಡೆಯ ಮೇಲಿನ ಒಂದು ಫೋಟೋದ ಮುಂದೆ ನಿಂತಿದ್ದಳು. ಹತ್ತಿಯ ಹೊಲದಲ್ಲಿ ನಿಂತ ಗಟ್ಟಿಮುಟ್ಟಾದ ಮುದುಕಿ, ಸುತ್ತ ಇಪ್ಪತ್ತು ಮೂವತ್ತು ಕೂಲಿ ಹೆಂಗಸರು.

"ಸಾಹೇಬ್ರ, ಇವರು ನಮ್ಮ ಬೆಳ್ಳಟ್ಟಿ ಬಸವಣ್ಣೆವ್ವಾರು. ಹತ್ತಿ ಬೀಜ ಮಾಡಸ್ತಾರ. ನಮ್ಮವ್ವ ಇವರ ಹೊಲಕ್ಕ ಗಂಡು ಹೂ ಹೆಣ್ಣು ಹೂ ಕೂಡಿಸಿ ಹೂ ಕಟ್ಟಾಕ ಹೋಗತಿದ್ಲು." ಅವಳು ತಿರುಗಿದಳು. "ಸರ್, ಇವರು ನಿಮಗ ಏನಾಗಬೇಕು?"

ವಿರೂಪಾಕ್ಷಪ್ಪ ಫೋಟೋದಿಂದ ಕಣ್ಣು ತಿರುಗಿಸಿದರು.

"ಅಕ್ಕ," ಎಂದು ಮುತ್ತವ್ವನೇ ಉತ್ತರ ಹೇಳಿಕೊಂಡಳು. "ಮಾರಿ ಒಂದ ಐತಿ. ಸಾಹೇಬ್ರ, ಹೋದ ವರ್ಷ ಆ ಅವ್ವಾರು ಹೊಸಾ ಗೋದಾಮು ಕಟ್ಟಿಸ್ಯಾರ. ಬೀಜದ ಮಳಿಕಿ ಕೆಡಬಾರದಂತ ಒಳಗ ತಂಪಿನ ಮಿಷನ್ ಕುಂಡ್ರಿಸ್ಯಾರ. ಬ್ಯಾಸಗ್ಯಾಗ ಒಳಗ ಹೋದ್ರ ಹಲ್ಲು ಕಡೀತಾವ ಅಂತ ಊರ ಮಂದಿ ಮಾತಾಡತಾರ."

ಬೆಳ್ಳಟ್ಟಿ. ಶಿರಹಟ್ಟಿಗೆ ಅಲ್ಲಿಂದ ಮೋಟಾರಿನಲ್ಲಿ ಅರ್ಧ ತಾಸೂ ಬೇಡ.

ನಯಾಜ ಬಾಗಿಲ ಕಡೆ ತಿರುಗಿದ. ಹಿಂದಿನಿಂದ ವಿರೂಪಾಕ್ಷಪ್ಪ ಅವನ ತೋಳು ಹಿಡಿದರು. ಪ್ರಾಧ್ಯಾಪಕರ ಗತ್ತೆಲ್ಲ ಉದುರಿಹೋಗಿತ್ತು.

"ಹೋಗೂದಿದ್ರ ಒಬ್ರ ಹೋಗ್ರಿ. ಈ ಬಾಯಾರನ್ನ ಬೇಕಾದ್ರ ಕರಕೊಂಡು ಹೋಗ್ರಿ. ಮತ್ಯಾರನ್ನೂ ಬ್ಯಾಡ. ನಿಮ್ಮ ಕಾಲ ಹಿಡೀತೇನಿ."

"ಯಾಕ? ನೋಡಿದ ಸಾಕ್ಷಿ ಕಡಿಮಿ ಇರಲಿ ಅಂತೇನು?"

"ನೀವು ನನ್ನ ಮಾತು ನಂಬೂದಿಲ್ಲ. ನಿಮ್ಮ ಕಾಗದದಾಗ ಆ ಹುಡುಗೀನ ಕೊಲೆಗಾರ್ತಿ ಅಂತ ಬರದೀರಿ. ನಾ ಮಾತು ಕೊಟ್ಟೇನಿ, ನನ್ನ ಬಾಯಿಂದ ಬರೂದಿಲ್ಲ. ಅಕಿನ್ನ ಕೇಳ್ರಿ. ಒಬ್ರ ಹೋಗಿ ಕೇಳ್ರಿ."

ತಪ್ಪಿತಸ್ಥರು ಕೊನೆಯ ಗಳಿಗೆಯಲ್ಲಿ ಆಡುವ ಮಾತುಗಳನ್ನು ನಯಾಜ ಹದಿನಾಲ್ಕು ವರ್ಷದಿಂದ ಕೇಳುತ್ತ ಬಂದಿದ್ದ. ತೋಳು ಬಿಡಿಸಿಕೊಂಡ. ಬಾಗಿಲಿಗೆ ಜೀಪಿನಲ್ಲಿ ಬಂದಿದ್ದ ಪೇದೆಯನ್ನು ನಿಲ್ಲಿಸಿ, "ಇವರು ಫೋನ್ ಮುಟ್ಟಬಾರದು" ಎಂದು ಹೇಳಿ ಹೊರಬಿದ್ದ.

ಕಾರಿನ ಕಿಟಕಿಯಿಂದ ಕಾಂಚನಾ ತಲೆ ಹೊರಹಾಕಿದಳು. "ಏನಂದ್ರು ಸರ್?"

"ಇಪ್ಪತ್ತೆಂಟು ಅಂದ್ರು."

ಅವಳು ನಿಟ್ಟುಸಿರು ಬಿಟ್ಟಳು. "ಮುಂದ?"

"ಬೆಳ್ಳಟ್ಟಿ. ನಮ್ಮ ಹಿಂದ ಬರ್ರಿ."

* * *

ಹನ್ನೆರಡು ದಾಟಿತ್ತು. ಕಪ್ಪು ಹೊಲಗಳು ಬಿರುಕು ಬಿಟ್ಟು ಮಲಗಿದ್ದವು. ಜೀಪಿನ ಸ್ಟೇರಿಂಗ್ ಹಿಡಿದ ಅಂಗೈ ಸುಡುತ್ತಿತ್ತು. ಮುತ್ತವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಸುಮ್ಮನೆ ಕುಳಿತಿದ್ದಳು.

"ಸಾಹೇಬ್ರ, ಒಂದ ಮಾತು ಕೇಳಲೇನ್ರಿ?" ಅಂದಳು ಕೊನೆಗೆ. "ಕದ್ದು ಇಟ್ಟಾವ, ಕಟ್ಟಿ ಹಾಕಿದ ಹುಡುಗಿಗೆ ನೊಣ ಸಾಕಾಕ ರವಾ ಬೆಲ್ಲಾ ತಂದು ಕೊಡತಾನೇನ್ರಿ?"

ಆ ಪ್ರಶ್ನೆ ತನಗೆ ಯಾಕೆ ಮೊದಲೇ ಹೊಳೆಯಲಿಲ್ಲ ಎಂದು ನಯಾಜನಿಗೆ ಅನಿಸಿತು. ವೇಗ ಹೆಚ್ಚಿಸಿದ.

ಗೋದಾಮು ಊರಿನಿಂದ ಹೊರಗೆ, ಮುಂಡರಗಿ ಕಡೆಗೆ ಹೋಗುವ ದಾರಿಯ ಬದಿಯಲ್ಲಿತ್ತು. ಕಿಟಕಿಗಳಿಲ್ಲದ ಬಿಳಿ ಕಟ್ಟಡ. ಬದಿಯಲ್ಲಿ ಗುಂಯ್ ಎನ್ನುವ ತಂಪಿನ ಯಂತ್ರ. ಕಾಂಚನಾ ಬೇವಿನ ಮರದ ನೆರಳಿಗೆ ಕಾರು ಹಚ್ಚಿದಳು. ಫಕ್ರುಸಾಬ ಇಳಿಯಲು ಹೊರಟ.

"ಚಾಚಾ, ನಾ ಕರಿಯೂತನಕ ಇಲ್ಲೇ ಇರ್ರಿ," ಅಂದ ನಯಾಜ. ಒಳಗೆ ಏನು ಕಾಣಬೇಕಾದೀತೋ ಅವನಿಗೆ ಗೊತ್ತಿರಲಿಲ್ಲ. "ಮೇಡಂ, ಇವರನ್ನ ಬಿಟ್ಟು ಎಲ್ಲೂ ಹೋಗಬ್ಯಾಡ್ರಿ."

"ನಾ ನೋಡ್ಕೋತೇನಿ," ಅಂದಳು ಕಾಂಚನಾ.

ಬಾಗಿಲ ಮುಂದೆ ಕಟ್ಟೆಯ ಮೇಲೆ ಬಸವಣ್ಣೆವ್ವ ಕೂತಿದ್ದಳು. ಎಪ್ಪತ್ತರ ಮೇಲಿನ ಮುದುಕಿ. ಖಾಕಿ ಕಂಡರೂ ಏಳಲಿಲ್ಲ.

"ಒಳಗ ಬೀಜ ಅದಾವಪ್ಪಾ. ಬೀಜಕ್ಕ ಪೊಲೀಸ್ರ ಯಾಕ?"

"ಕೀಲಿ ಕೊಡ್ರಿ ಅವ್ವಾರ."

"ಪದೇ ಪದೇ ತಗದ್ರ ಬಿಸಿ ಹೊಕ್ಕು ಮಳಿಕಿ ಕೆಡತೈತಿ."

ಮುತ್ತವ್ವ ಮುಂದೆ ಬಂದು ಅವಳ ಕಾಲು ಮುಟ್ಟಿದಳು. "ಎವ್ವಾ, ನಾ ಹೂ ಕಟ್ಟೋ ನಿಂಗವ್ವನ ಮಗಳು. ಆ ಹುಡುಗಿ ಅಪ್ಪ ಬಂದಾನ. ಹನ್ನೊಂದು ದಿನದಿಂದ ಕೂಳು ಬಿಟ್ಟಾನ. ಬಾಗಲಾ ತಗೀರಿ."

ಮುದುಕಿ ಅವಳ ಮುಖ ನೋಡಿದಳು. ದೂರದಲ್ಲಿ ಕಾರಿನೊಳಗೆ ಕಾಣುತ್ತಿದ್ದ ಬಿಳಿ ಟೊಪ್ಪಿಗೆಯನ್ನೂ ನೋಡಿದಳು. ಆಮೇಲೆ ಬಾಗಿಲಿನ ಮೇಲೆ ಮೂರು ಸಲ ತಟ್ಟಿದಳು.

ಚಿಲಕ ತೆಗೆದದ್ದು ಒಳಗಿನಿಂದ.

ನಯಾಜನ ಬೆನ್ನ ಮೇಲಿನ ಬೆವರು ಒಮ್ಮೆಲೇ ತಣ್ಣಗಾಯಿತು. ಗೋಡೆಗೆ ತೂಗು ಹಾಕಿದ್ದ ಉಷ್ಣಮಾಪಕದಲ್ಲಿ ಹದಿನೆಂಟು. ಎರಡೂ ಬದಿಗೆ ಬೀಜದ ಬಟ್ಟೆ ಚೀಲಗಳ ಸಾಲು. ನಡುವೆ ಕೌದಿ ಹೊದ್ದು ನಿಂತಿದ್ದಳು ನೂರೀನ. ತುಟಿ ಒಡೆದಿದ್ದವು. ಎಡಗೈಗೆ ಮೊಣಕೈವರೆಗೆ ಸುಟ್ಟ ಗಾಯದ ಪಟ್ಟಿ. ಅವಳ ಹಿಂದೆ ಚಾಪೆ, ಪುಸ್ತಕ, ಸಾಲಾಗಿ ಆರು ಗಾಜಿನ ಬಾಟಲಿ.

"ಯಾರಾದ್ರೂ ನಿನ್ನನ್ನ ಕೂಡಿ ಹಾಕ್ಯಾರೇನವಾ?" ಮುತ್ತವ್ವ ಕೇಳಿದಳು.

"ಇಲ್ಲರಿ. ನಾನ ಕುಂತೇನಿ. ಸರ್ ಇಲ್ಲಿ ತಂದು ಬಿಟ್ರು." ಅವಳು ನಯಾಜನತ್ತ ನೋಡಿದಳು. "ನಿಮಗ ಸರ್ ಹೇಳಿದ್ರೇನ್ರಿ? ಹೇಳೂದಿಲ್ಲ ಅಂತ ಆಣಿ ಮಾಡಿದ್ರು."

"ಅವರು ಹೇಳಲಿಲ್ಲ. ನಿನ್ನ ಬ್ಯಾಗಿನ್ಯಾಗ ಒಂದು ಬಾಟ್ಲಿ ಇತ್ತು."

ನೂರೀನ ತಿರುಗಿ ಬಾಟಲಿಗಳನ್ನು ಎಣಿಸಿದಳು. "ಏಳು ಇರಬೇಕಿತ್ತು. ಅರಳಿ ಬದಲಿ ಮಾಡುವಾಗ ಕರವಸ್ತ್ರದಾಗ ಸುತ್ತಿ ಇಟ್ಟಿದ್ದೆ. ಮುಂಜಾನಿ ಗಡಬಡಿಯೊಳಗ ಸರ್ ಬ್ಯಾಗ ಒಯ್ದ್ರು. ನಾ ಮುಂಬಯಿಗೆ ಹೋದ್ನಿ ಅಂತ ಮಂದಿ ತಿಳಕೊಳ್ಳಲಿ, ಹುಡುಕೂದು ಬಿಡಲಿ ಅಂತ..." ಏನೋ ಲೆಕ್ಕ ಹಾಕುತ್ತಿದ್ದವಳ ಕಣ್ಣು ನಿಧಾನಕ್ಕೆ ಅಗಲವಾದವು. "ಹುಳ ನೋಡಿ ಹದಿನೆಂಟು ಡಿಗ್ರಿ ಅಂತ ಹೇಳಿದ್ದು ಯಾರು?"

ನಯಾಜ ಆ ಆರು ಬಾಟಲಿಗಳತ್ತ ನೋಡಿದ.

"ಅದನ್ನ ಓದಾಕ ಬರೋರು ಈ ಜಿಲ್ಲಾದಾಗ ಮೂರ ಮಂದಿ ಸಾಹೇಬ್ರ. ನಾ ಇಲ್ಲಿ ಅದೇನಿ. ಸರ್ ಹೇಳಿಲ್ಲ ಅಂತೀರಿ."

"ಕಾಂಚನಾ ಮೇಡಂ," ಅಂದ ನಯಾಜ.

ಕೌದಿ ನೂರೀನಳ ಹೆಗಲಿಂದ ಜಾರಿ ಬಿತ್ತು. "ಆ ಪ್ರಬಂಧ ಅವರದ. ಫೋಟೋ ಮಾಡಿದ್ದು ಅವರ. ಸರ್ ಗುರುಗಳು ಅಂತ ಬರೇ ಹೆಸರು ಹಾಕಿ ಸಹಿ ಮಾಡಿದ್ರು. ಅದರ ಮ್ಯಾಲೆ ಮೇಡಂಗೆ ಡಾಕ್ಟರೇಟ್ ಬಂತು, ನೌಕರಿ ಬಂತು. ಆ ಫೋಟೋ ತಗದ ಸ್ಲೈಡ್ ನನಗ ಲ್ಯಾಬಿನ್ಯಾಗ ಸಿಕ್ಕಿತ್ತು, ನಾ ಹೋಗಿ ಅವರನ್ನ ಕೇಳಿದೆ. ಬ್ಯಾರೆ ಯಾರಿಗೂ ಹೇಳೂಕಿಂತ ಮೊದಲ ಅವರನ್ನ ಕೇಳೂದು ಮರ್ಯಾದಿ ಅಂತ ಕೇಳಿದೆ. ಅವತ್ತ ಸಂಜಿ ನಾಕಕ್ಕ ಲ್ಯಾಬಿನ ಬಾಗಲಾ ಹೊರಗಿಂದ ಕೊಂಡಿ ಬಿತ್ತು. ಕಿಟಕ್ಯಾಗಿಂದ ಈಥರ್ ಬಾಟ್ಲಿ ಒಳಗ ಬಂತು. ಅವರ ಕೈ ನಾ ನೋಡೇನಿ, ಕೈಯಾಗಿನ ಬಳಿ ನೋಡೇನಿ. ವೀರಣ್ಣ ನನ್ನನ್ನ ಎತ್ತಿ ಮ್ಯಾಲಿನ ಗವಾಕ್ಷಿಯಿಂದ ಹೊರಗ ದಬ್ಬಿದ. ಅಂವಗ ಏರಾಕ ಆಗಲಿಲ್ಲ."

"ಪೊಲೀಸ್ರ ಹತ್ರ ಯಾಕ ಬರಲಿಲ್ಲ?" ಮುತ್ತವ್ವ ಕೇಳಿದಳು.

"ಮರುದಿನದ ಪೇಪರಿನ್ಯಾಗ ಬೆಂಕಿ ಹಚ್ಚಿದಾಕಿ ನಾನ ಅಂತ ಬಂತಲ್ರಿ. ಮೇಡಂ ಹೇಳಿಕೆ ಕೊಟ್ಟಿದ್ರು."

ಆ ಹೇಳಿಕೆಯನ್ನು ಬರೆದುಕೊಂಡವನು ನಯಾಜನೇ. ಇವತ್ತು ಕಾಂಚನಾ ಹುಳದ ಬಗ್ಗೆ ಒಂದು ಸುಳ್ಳನ್ನೂ ಹೇಳದೆ, ಪ್ರತಿ ಗೆರೆಯನ್ನೂ ಅವನೇ ಎಣಿಸುವಂತೆ ಮಾಡಿ, ಪೊಲೀಸರ ಕೈಯಿಂದಲೇ ಈ ಬಾಗಿಲನ್ನು ತೆಗೆಸಿದ್ದಳು.

ಅವನು ಹೊರಗೆ ಓಡಿದ. ಬಿಸಿಲು ಮುಖಕ್ಕೆ ಹೊಡೆಯಿತು.

ಬೇವಿನ ಮರದ ಕೆಳಗೆ ಕಾರಿರಲಿಲ್ಲ.

ಬಸವಣ್ಣೆವ್ವ ಕಟ್ಟೆಯಿಂದ ಎದ್ದು ನಿಂತಿದ್ದಳು. "ಆ ಬಾಯಾರು ಈಗ ಹೋದ್ರಪ್ಪಾ. ಬಾಗಲದಾಗ ನಿಂತು ಹುಡುಗಿ ಮಾತು ಕೇಳಿದ್ರು, ಒಳಗ ಬರಲಿಲ್ಲ. ಮಗಳನ್ನ ಮುಂಡರಗಿ ದವಾಖಾನಿಗೆ ಒಯ್ದಾರಂತ, ನಡೀರಿ ಚಾಚಾ ಅಂತ ಮುದುಕಗ ಹೇಳಿದ್ರು. ಪಾಪ, ಅಂವ ನಂಬಿ ಕೈ ಮುಗದು ಕುಂತ; ನಾ ಏಳೂದರೊಳಗ ಕಾರು ಹೊಂಟಬಿಟ್ತು."

"ಮತ್ತೇನ್ ಹೇಳಿದ್ರು? ನೆಪ್ಪ ಮಾಡಿ ಹೇಳ್ರಿ!"

"ನಿನಗ ಹೇಳು ಅಂದ್ರು." ಮುದುಕಿ ಒಂದೊಂದೇ ಮಾತು ಆರಿಸಿ ಹೇಳಿದಳು. "ಈ ಹುಡುಗಿ ಹತ್ರ ಒಂದು ಗಾಜಿನ ಸ್ಲೈಡ್ ಐತಂತ. ಆ ಎರಡೂ ಫೋಟೋ ತಗದದ್ದು. ಅದನ್ನ ಹುಡುಗಿ ತಾನ ತಗೊಂಡು, ಸಂಜಿ ನಾಕರೊಳಗ ಮುಂಡರಗಿ ಆಚಿ ಹೊಳಿ ಸೇತುವಿಗೆ ಬರಬೇಕಂತ. ಖಾಕಿ ಕಾಣಬಾರದಂತ. ಬಂದ್ರ ಮುದುಕನ್ನ ಕ್ಷೇಮದಿಂದ ಮನಿಗೆ ಮುಟ್ಟಸ್ತೇನಿ ಅಂದ್ರು."

ನಯಾಜ ಹಿಂದೆ ತಿರುಗಿದ. ನೂರೀನ ಬಾಗಿಲಿಗೆ ಬಂದು ನಿಂತಿದ್ದಳು. ಎಲ್ಲವನ್ನೂ ಕೇಳಿದ್ದಳು. ಹನ್ನೊಂದು ದಿನದ ಮೇಲೆ ಬಿಸಿಲು ಕಂಡ ಅವಳ ಕಣ್ಣು ತೆರೆಯಲಾರದೆ ಮುಚ್ಚುತ್ತಿದ್ದವು.

"ಸ್ಲೈಡ್ ಕೊಡವಾ," ಅಂದ. "ಮೊದಲ ನಿಮ್ಮಪ್ಪ. ಆಮ್ಯಾಲೆ ಸಾಕ್ಷಿ."

ಅವಳು ತಲೆ ಅಲ್ಲಾಡಿಸಿದಳು.

"ಅದು ನನ್ನ ಹತ್ರ ಇಲ್ಲರಿ ಸಾಹೇಬ್ರ. ಜ್ವಾಕಿ ಇರಲಿ ಅಂತ ಬೆಂಕಿ ಬಿದ್ದ ದಿನ ಮಧ್ಯಾಹ್ನ ಅದನ್ನ ವೀರಣ್ಣನ ಅಂಗಿ ಕಿಸೆದಾಗ ಇಟ್ಟಿದ್ದೆ."